ತಿರುಗಿಬಿದ್ದ ಪಂಚರು ಮತ್ತು ನನ್ನ ಪಿಎಚ್‌ಡಿ

ಕಾರವಾರದಲ್ಲಿ ಸಹಾಯಕ ಸರ್ಕಾರಿ ಅಭಿಯೋಜಕನಾಗಿ ನಾನು ಅತಿ ಹೆಚ್ಚು ಕೇಳಿದ ಮಾತು, 'ಪೊಲೀಸರು ಕರೆದರು, ಸಹಿ ಹಾಕಿದೆ. ಒಳಗೆ ಏನಿದೆಯೋ ಗೊತ್ತಿಲ್ಲ.' ಮಾಜಾಳಿ ಗಡಿ ದಾಟಿ ಬರುವ ಗೋವಾ ಮದ್ಯದ ಪ್ರಕರಣಗಳಲ್ಲಿ ಪಂಚರು, ಅಂದರೆ ಜಪ್ತಿಗೆ ಸಾಕ್ಷಿಯಾಗಿ ಸಹಿ ಹಾಕಿದವರು, ನ್ಯಾಯಾಲಯದಲ್ಲಿ ಹೀಗೆಂದು ತಿರುಗಿಬಿದ್ದರೆ ಪ್ರಕರಣ ಅರ್ಧ ಬಿದ್ದಂತೆ. ಆರೋಪಿ ಕಡೆಯವರು ಇವರನ್ನು ಒಲಿಸಿಕೊಂಡಿದ್ದಾರೆ ಎಂದೇ ನಂಬಿದ್ದೆ.

ಇದೇ ವಿಷಯ ಹಿಡಿದು ಸಂಶೋಧನೆಗೆ ಇಳಿದೆ. ಇಂಗ್ಲೆಂಡಿನ ಪೋರ್ಟ್ಸ್‌ಮತ್ ವಿಶ್ವವಿದ್ಯಾಲಯ ಅಪರಾಧ ನ್ಯಾಯ ಕ್ಷೇತ್ರದಲ್ಲಿ ದುಡಿಯುವವರಿಗೆಂದೇ ವೃತ್ತಿಪರ ಡಾಕ್ಟರೇಟ್ ರೂಪಿಸಿದೆ. ಕೆಲಸದ ತೊಡಕೇ ಅಲ್ಲಿ ಪ್ರಬಂಧದ ವಿಷಯ. ಆದರೆ ನಾನು ಹಿಡಿದದ್ದು ಇಲ್ಲಿಯ ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2022ರ ನಿಯಮದಂತೆ ಅರೆಕಾಲಿಕ ಪಿಎಚ್‌ಡಿಯ ದಾರಿ. ಅದಕ್ಕೆ ಕಚೇರಿಯ ನಿರಾಕ್ಷೇಪಣಾ ಪತ್ರ ಬೇಕು. ಅದು ಕೈಸೇರಲು ಎಷ್ಟು ದಿನ ಹಿಡಿಯಿತೆಂದು ಬರೆಯುವುದಿಲ್ಲ, ಇನ್ನೂ ನೌಕರಿಯಲ್ಲಿದ್ದೇನೆ.

ಮೊದಲ ಅಧ್ಯಾಯ ಹಿಡಿದು ಅರಬೈಲ್ ಘಟ್ಟ ಹತ್ತಿ ಧಾರವಾಡಕ್ಕೆ ಹೋದೆ. ಮಾರ್ಗದರ್ಶಕರು 'ಒಲಿಸಿಕೊಂಡರು' ಎಂಬ ಪದದ ಕೆಳಗೆ ಗೆರೆ ಎಳೆದು, "ವಕೀಲರೇ, ಇದಕ್ಕೆ ಸಾಕ್ಷ್ಯ?" ಎಂದರು. ಇರಲಿಲ್ಲ. 15 ವರ್ಷ ಕಂಡವರಿಗೆಲ್ಲ ಹಾಕಿದ ಪ್ರಶ್ನೆಯದು.

ಆಮೇಲೆ ತೀರ್ಪಾದ ಕಡತಗಳನ್ನು ಓದಿದೆ. ಪಂಚರಾಗಿದ್ದವರ ಮನೆಯ ಜಗಲಿಯಲ್ಲಿ ಕುಳಿತೆ. ಹಣದ ಮಾತು ಬಂದದ್ದು ಅಪರೂಪ. ಮನೆಯಲ್ಲಿ ಕೊಂಕಣಿ ಆಡುವವರಿಗೆ ಠಾಣೆಯ ಕನ್ನಡದ ಪಂಚನಾಮೆಯನ್ನು, ಅಂದರೆ ತಾವು ಸಹಿ ಹಾಕಿದ ಜಪ್ತಿ ವರದಿಯನ್ನು, ಯಾರೂ ಬಿಡಿಸಿ ಹೇಳಿರಲಿಲ್ಲ. ಸಮನ್ಸ್ ಬರುವಷ್ಟರಲ್ಲಿ ಪೆಟ್ಟಿಗೆ ಎಷ್ಟಿದ್ದವೆಂಬುದೇ ಮರೆತಿತ್ತು. ಕೆಲವು ಹೆಸರುಗಳಂತೂ ಕಡತದಿಂದ ಕಡತಕ್ಕೆ ನಡೆದು ಬರುತ್ತಿದ್ದವು: ಠಾಣೆಯ ಆಸುಪಾಸಿನಲ್ಲಿ ಅಂಗಡಿ ಇಟ್ಟವರು. ಮೀನುಗಾರರೊಬ್ಬರು ಹೇಳಿದ್ದು ಇನ್ನೂ ಕಿವಿಯಲ್ಲಿದೆ: "ಗೊತ್ತಿಲ್ಲ ಎಂದರೆ ಬೇಗ ಬಿಡುತ್ತಾರೆ ಸಾಹೇಬರೇ. ಗೊತ್ತು ಎಂದರೆ ಇಡೀ ದಿನ ಹೋಗುತ್ತದೆ, ದೋಣಿಯೂ ತಪ್ಪುತ್ತದೆ."

ಪದವಿಯಿಂದ ನನಗೆ ಸಂಬಳ ಏರಲಿಲ್ಲ, ಬಡ್ತಿಯೂ ಬರಲಿಲ್ಲ. ಆದರೆ ಈಗ ದೋಷಾರೋಪಣ ಪಟ್ಟಿ ನೋಡುವಾಗ ಪಂಚರ ಮನೆಮಾತು ಯಾವುದು, ಹಿಂದೆ ಎಷ್ಟು ಬಾರಿ ಪಂಚರಾಗಿದ್ದರು ಎಂದು ಕೇಳುತ್ತೇನೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 105ನೇ ಕಲಂ ಪ್ರಕಾರ ಜಪ್ತಿಯನ್ನು ಚಿತ್ರೀಕರಿಸಬೇಕು. ಪಂಚನಾಮೆಯನ್ನು ಕೊಂಕಣಿಯಲ್ಲಿ ವಿವರಿಸುವುದೂ ಆ ವಿಡಿಯೊದಲ್ಲಿ ಬರಲಿ ಎಂದು ತನಿಖಾಧಿಕಾರಿಗಳ ಬೆನ್ನು ಹತ್ತುತ್ತೇನೆ. ಪಂಚರ ಸಾಕ್ಷ್ಯವನ್ನು ಬೆಳಗಿನ ಹೊತ್ತಿನಲ್ಲೇ ದಾಖಲಿಸಿಕೊಳ್ಳುವಂತೆ ನ್ಯಾಯಾಧೀಶರಲ್ಲಿ ಕೋರುತ್ತೇನೆ.

ಕಳೆದ ತಿಂಗಳು ಮತ್ತೊಬ್ಬ ಪಂಚರು ತಿರುಗಿಬಿದ್ದರು. ಸಿಟ್ಟು ಬಂತು. ಊಟದ ವಿರಾಮದಲ್ಲಿ ಪಂಚನಾಮೆ ತೆಗೆದು ನೋಡಿದೆ. 'ಓದಿ ಹೇಳಲಾಯಿತು' ಎಂದಿತ್ತು. ಯಾವ ಭಾಷೆಯಲ್ಲಿ ಎಂದು ಬರೆದಿರಲಿಲ್ಲ.