ಮುರಕಲ್ಲಿನ ಗೋಡೆಗೆ ಬೆಳಕು: ಮೊಟೊಕೊ ಇಶೀ ಅವರ ಕ್ರಮದಲ್ಲಿ

ಬ್ರಹ್ಮಕಲಶೋತ್ಸವ ಹತ್ತಿರವಾದೊಡನೆ ಕಾಸರಗೋಡಿನ ದೇವಸ್ಥಾನಗಳ ಮಾಡಿನ ಅಂಚಿಗೆ ಬಲ್ಬಿನ ಮಾಲೆಗಳು ಏರುತ್ತವೆ. ಉತ್ಸವಕ್ಕೆ ಅದು ಸರಿಯೇ. ಆದರೆ ವರ್ಷವಿಡೀ ಉಳಿಯುವ ಬೆಳಕನ್ನು ಯೋಜಿಸುವ ಸಮಿತಿಯವರು ಜಪಾನಿನ ಬೆಳಕಿನ ವಿನ್ಯಾಸಕಿ ಮೊಟೊಕೊ ಇಶೀ ಅವರ ಕೆಲಸದ ರೀತಿಯನ್ನು ಗಮನಿಸುವುದು ಒಳ್ಳೆಯದು. 1938ರಲ್ಲಿ ಟೋಕಿಯೊದಲ್ಲಿ ಹುಟ್ಟಿದ ಅವರು ಫಿನ್ಲೆಂಡ್ ಮತ್ತು ಜರ್ಮನಿಗಳಲ್ಲಿ ಕೆಲಸ ಮಾಡಿ, ಈ ವೃತ್ತಿಯೇ ತಮ್ಮ ದೇಶಕ್ಕೆ ಹೊಸತಾಗಿದ್ದ 1968ರಲ್ಲಿ ಸ್ವಂತ ಕಚೇರಿ ತೆರೆದರು.

ಮೊದಲು ಮಾಡಬೇಕಾದುದು ಪ್ರಯೋಗ. 1978ರಲ್ಲಿ ಇಶೀ ಅವರು ಯಾರೂ ಕೇಳದಿದ್ದರೂ ಸ್ವಂತ ಖರ್ಚಿನಲ್ಲಿ ಕ್ಯೋಟೊಗೆ ದೀಪಗಳನ್ನು ಒಯ್ದು, ಅಲ್ಲಿನ ಹಳೆಯ ಕಟ್ಟಡಗಳನ್ನು ರಾತ್ರಿ ಬೆಳಗಿಸಿ ಊರವರಿಗೆ ತೋರಿಸಿದರು. ನೀವೂ ದರಪಟ್ಟಿ ತರಿಸುವ ಮೊದಲು ಒಂದೆರಡು ಎಲ್‌ಇಡಿ ದೀಪಗಳನ್ನು ಎರವಲು ತಂದು, ಕತ್ತಲಾದ ಮೇಲೆ ಗೋಡೆಯ ಬುಡದಲ್ಲಿಟ್ಟು ನೋಡಿ. ಗಾರೆ ಹಚ್ಚದ ಮುರಕಲ್ಲಾದರೆ (ಜಂಬಿಟ್ಟಿಗೆ) ದೀಪವನ್ನು ಗೋಡೆಯಿಂದ ಸುಮಾರು 15–20 ಸೆಂ.ಮೀ. ದೂರದಲ್ಲಿ ಮೇಲ್ಮುಖವಾಗಿರಿಸಿ, ಬೆಳಕು ಗೋಡೆಯನ್ನು ಸವರಿಕೊಂಡು ಏರುವಾಗ ಕಲ್ಲಿನ ಒಂದೊಂದು ತೂತಿನಲ್ಲೂ ನೆರಳು ನಿಂತು, ಕೊಡಲಿಯಿಂದ ಕೆತ್ತಿದ ಗುರುತೂ ಕಾಣಿಸುತ್ತದೆ. ಅದೇ ಗೋಡೆಗೆ ಅಂಗಳದಾಚೆಯ ಕಂಬದಿಂದ ಫ್ಲಡ್‌ಲೈಟ್ ಬಿಟ್ಟರೆ ಇದೆಲ್ಲ ಅಳಿಸಿಹೋಗುತ್ತದೆ. ಗಾರೆ ಹಚ್ಚಿದ ಗೋಡೆಗೆ ಮಾತ್ರ ದೀಪ ಇಷ್ಟು ಹತ್ತಿರ ಬೇಡ, ಮೇಸ್ತ್ರಿಯ ಕರಣೆಯ ಏರುಪೇರುಗಳೆಲ್ಲ ಎದ್ದು ಕಾಣುತ್ತವೆ.

ಬಣ್ಣದ ವಿಷಯಕ್ಕೆ ಟೋಕಿಯೊ ಟವರ್ ಒಳ್ಳೆಯ ಪಾಠ. 333 ಮೀಟರ್ ಎತ್ತರದ ಆ ಗೋಪುರಕ್ಕೂ ಮೊದಲು ಅಂಚಿನುದ್ದಕ್ಕೆ ಬಲ್ಬಿನ ಸಾಲುಗಳೇ ಇದ್ದವು. 1989ರಲ್ಲಿ ಇಶೀ ಅವರು ಉಕ್ಕಿನ ಚೌಕಟ್ಟೇ ಬೆಳಗುವಂತೆ ಮಾಡಿ, ಚಳಿಗಾಲಕ್ಕೆ ಕಿತ್ತಳೆ ಛಾಯೆಯನ್ನೂ ಬೇಸಿಗೆಗೆ ತಂಪಾದ ಬಿಳಿಯನ್ನೂ ಆರಿಸಿದರು. ನಮ್ಮ ಮುರಕಲ್ಲಿಗೆ, ಮಧೂರು ದೇವಸ್ಥಾನದಂಥ ತಾಮ್ರದ ಮಾಡಿಗೆ, 2700ರಿಂದ 3000 ಕೆಲ್ವಿನ್‌ನ ಬೆಳಕೇ ಹೊಂದುತ್ತದೆ (ಕೆಲ್ವಿನ್ ಬೆಳಕಿನ ಬಣ್ಣದ ಅಳತೆ, ಸಂಖ್ಯೆ ಕಡಿಮೆಯಾದಷ್ಟೂ ಬೆಳಕು ಹಳದಿ, ಹೆಚ್ಚಿದಷ್ಟೂ ನೀಲಿ ಛಾಯೆಯ ಬಿಳಿ). ಅಂಗಡಿಯವರು ಹೆಚ್ಚು ಪ್ರಕಾಶವೆಂದು ಮುಂದೆ ಮಾಡುವ 6500 ಕೆಲ್ವಿನ್‌ನಲ್ಲಿ ಕೆಂಪು ಕಲ್ಲು ಬೂದು ಬಳಿದಂತೆ ಕಾಣುತ್ತದೆ, ಹಾತೆಗಳೂ ಹೆಚ್ಚು ಮುತ್ತುತ್ತವೆ. ಬೆಳಕಿನಲ್ಲಿ ವಸ್ತುಗಳ ಬಣ್ಣ ಎಷ್ಟು ಸಹಜವಾಗಿ ಕಾಣುತ್ತದೆಂದು ತಿಳಿಸುವ ಸೂಚ್ಯಂಕವಾದ ಸಿಆರ್‌ಐ 90ಕ್ಕಿಂತ ಕಡಿಮೆಯಿರುವುದನ್ನು ತೆಗೆದುಕೊಳ್ಳಬೇಡಿ.

ಗರ್ಭಗುಡಿಯ ಎಣ್ಣೆದೀಪಕ್ಕೆ ಹೊರಗಿನ ಬೆಳಕು ಪೈಪೋಟಿ ಕೊಡಬಾರದು. ಪ್ರದಕ್ಷಿಣೆಯ ದಾರಿಯಲ್ಲಿ ನಡೆದು ನೋಡಿ, ಎಲ್ಲಿಯಾದರೂ ದೀಪದ ಕಣ್ಣು ನೇರವಾಗಿ ಚುಚ್ಚಿದರೆ ಅದಕ್ಕೆ ಮರೆ ಕಟ್ಟಿಸಿ. ಒಳಾಂಗಣದಲ್ಲಿ ಏನು ಅಳವಡಿಸುವುದಿದ್ದರೂ ತಂತ್ರಿಗಳನ್ನು ಮೊದಲೇ ಕೇಳುವುದು ಕ್ರಮ.

ವರ್ಷಕ್ಕೆ 3,000 ಮಿ.ಮೀ. ಮೀರಿ ಮಳೆ ಸುರಿಯುವ ಊರಾದ್ದರಿಂದ ದೂಳು-ನೀರು ಒಳಹೋಗದಂತೆ ತಡೆಯುವ ಐಪಿ ದರ್ಜೆ ಗೋಡೆಯ ದೀಪಗಳಿಗೆ ಐಪಿ65, ನೆಲದಲ್ಲಿ ಹೂಳುವವಕ್ಕೆ ಐಪಿ67 ಬೇಕೇ ಬೇಕು. ಹೂಳುವ ಗುಂಡಿಯ ತಳಕ್ಕೆ ಜಲ್ಲಿ ಹಾಕಿ ನೀರು ಇಂಗಲು ದಾರಿ ಮಾಡಿಸಿ. ಅರ್ತಿಂಗ್ ಜೊತೆಗೆ ವಿದ್ಯುತ್ ಸೋರಿದೊಡನೆ ಸಂಪರ್ಕ ಕಡಿಯುವ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಹಾಕಿಸಿ. ಆಟಿ ತಿಂಗಳು (ಜುಲೈ–ಆಗಸ್ಟ್) ಮುಗಿದೊಡನೆ ಗಾಜಿನ ಮೇಲಿನ ಪಾಚಿಯನ್ನು ಒರೆಸಿ, ಮಳೆಗೆ ಸರಿದ ದೀಪಗಳ ಕೋನವನ್ನು ರಾತ್ರಿಯೇ ನೋಡಿ ಸರಿಪಡಿಸಬೇಕು.