14,319 ದಿನ ಟ್ಯಾಲಿ ಆಯ್ತು: ಹಳೇ ವರ್ಲ್ಡ್ ಟ್ಯಾಗ್ ಟೀಮ್ ಬೆಲ್ಟಿನ ಲೆಕ್ಕ ಬರೆದ ನನ್ನ ಅನುಭವ

ಕೊನೆಗೂ ಟ್ಯಾಲಿ ಆಯ್ತು. ಅಮೆರಿಕದ ಡಬ್ಲ್ಯುಡಬ್ಲ್ಯುಇ ಕುಸ್ತಿ ಕಂಪನೀಲಿ ಇಬ್ಬಿಬ್ರು ಜೋಡಿಯಾಗಿ ಆಡೋ ಟ್ಯಾಗ್ ಟೀಮ್ ಕುಸ್ತಿಯ ಹಳೇ ಬೆಲ್ಟ್ ಯಾರ ಹತ್ರ ಎಷ್ಟು ದಿನ ಇತ್ತು ಅನ್ನೋ ಲೆಕ್ಕ ಇದು. 1971ರ ಜೂನ್ 3ರಿಂದ 2010ರ ಆಗಸ್ಟ್ 16ರ ತನಕ 14,319 ದಿನ. ಒಂದೊಂದು ದಿನಕ್ಕೂ ಒಬ್ಬ ವಾರಸುದಾರ ಇದಾನೆ, ಇಲ್ಲಾಂದ್ರೆ, ಅಂದ್ರೆ ಬೆಲ್ಟ್ ಯಾರ ಹತ್ರಾನೂ ಇಲ್ಲಾಂದ್ರೆ, ಆ ದಿನ ಸಸ್ಪೆನ್ಸ್ ಖಾತೇಲಿದೆ. ಇದು ಆಗೋ ಕೆಲಸ ಅಲ್ಲ ಅಂತ ನಮ್ಮ ಕುಸ್ತಿ ಅಭಿಮಾನಿಗಳ ಗುಂಪಲ್ಲಿ ಎಷ್ಟೋ ಜನ ಹೇಳಿದ್ರು, ಅದಕ್ಕೇ ಬರೀತಿದೀನಿ.

ಯಾವ ಟೈಟಲ್ ಅಂತ ಮೊದ್ಲೇ ಹೇಳ್ಬಿಡ್ತೀನಿ, ಗಲಿಬಿಲಿ ಬೇಡ. ಟಾರ್ಜನ್ ಟೈಲರ್, ಲ್ಯೂಕ್ ಗ್ರಹಾಂ ಜೋಡಿಯಿಂದ ಶುರುವಾಗಿ ಹಾರ್ಟ್ ಡೈನಾಸ್ಟಿ ಕೈಲಿ ಮುಗಿದಿದ್ದು. ಡಬ್ಲ್ಯುಡಬ್ಲ್ಯುಡಬ್ಲ್ಯುಎಫ್, ಡಬ್ಲ್ಯುಡಬ್ಲ್ಯುಎಫ್, ಡಬ್ಲ್ಯುಡಬ್ಲ್ಯುಇ ಅಂತ ಅಂಗಡಿ ಬೋರ್ಡು ಬದಲಾದ್ರೂ ಖಾತೆ ಒಂದೇ. 2002ರಲ್ಲಿ ಸ್ಮ್ಯಾಕ್‌ಡೌನ್ ಅನ್ನೋ ಟಿವಿ ಶೋಗೆ ಅಂತ ಹುಟ್ಟಿದ ಇನ್ನೊಂದು ಟ್ಯಾಗ್ ಟೈಟಲ್ ಇದೆಯಲ್ಲ, 2024ರಲ್ಲಿ ಅದಕ್ಕೇ ವರ್ಲ್ಡ್ ಅಂತ ಹೆಸರು ಹಾಕಿದಾರೆ, ಅದು ಬೇರೆ, ಇದು ಬೇರೆ.

ನಾನು ಹಗಲೆಲ್ಲ ಶಿವಮೊಗ್ಗದಲ್ಲಿ ಅಡಿಕೆ ಮಂಡಿ ಲೆಕ್ಕ ಬರೆಯೋನು. ರಾತ್ರಿ ಇದು. ಗುಂಪಿನ ಹಿರಿಯಣ್ಣ ಒಬ್ರು "ಸುಳ್ಳು ಕುಸ್ತಿಗೆ ಸಾಚಾ ಲೆಕ್ಕ ಯಾಕೋ ಮಾರಾಯ" ಅಂತ ಶುರುವಿಂದ್ಲೂ ಹೇಳ್ತಾನೇ ಇದ್ರು. ಅಣ್ಣಾ, ಗೆಲ್ಲೋದು ಸೋಲೋದು ಮೊದ್ಲೇ ಬರೆದಿಟ್ಟಿದ್ದೇ ಇರ್ಬಹುದು, ಆದ್ರೆ ಆ ನಾಲ್ಕು ಜನ ಆ ರಾತ್ರಿ ಆ ಊರಿಗೆ ಹೋಗಿದ್ದು, ಬೆನ್ನು ಕೆಳಗೆ ಮಾಡಿ ಬಿದ್ದಿದ್ದು, ಬೆಲ್ಟ್ ಬ್ಯಾಗಿಗೆ ಹಾಕ್ಕೊಂಡು ಮುಂದಿನ ಊರಿಗೆ ಕಾರ್ ಓಡಿಸಿದ್ದು ಯಾವ್ದೂ ಸುಳ್ಳಲ್ಲ. ಅದಕ್ಕೊಂದು ತಾರೀಖು ಇದ್ದೇ ಇರುತ್ತೆ. ನಂಗೆ ಬೇಕಾಗಿದ್ದು ಆ ತಾರೀಖು.

ಮೊದ್ಲು ಎಲ್ರೂ ಮಾಡೋ ಹಾಗೆ ವಿಡಿಯೋ ನೋಡಿ ಬರ್ಕೊಳ್ಳೋಕೆ ಹೋದೆ. ಅದರ ಚಂದಾ ತಿಂಗಳಿಗೆ 9.99 ಡಾಲರ್, ಬ್ಯಾಂಕಿನ ಚಾರ್ಜು ಸೇರಿ ಏಳ್ನೂರು ಚಿಲ್ರೆ ಆಗ್ತಿತ್ತು, ಹೆಚ್ಚುಕಮ್ಮಿ ಒಂದೂವರೆ ವರ್ಷ ಕಟ್ಟಿದೀನಿ. ಹಳೇ ಮ್ಯಾಗಜೀನಿಗೆ ಅಂತ ಬೆಂಗಳೂರು ಅವೆನ್ಯೂ ರೋಡ್ ಅಲೆದು ಒಂದಷ್ಟು ಸುರಿದೆ. ಒಬ್ಬ ಆನ್‌ಲೈನ್ ಮಾರಾಟಗಾರ 1989ರ ಪೂರ್ತಿ ಸೆಟ್ ಅಂತ ಹೇಳಿ ಮೂರೂವರೆ ಸಾವಿರದ ಹತ್ರ ಇಸ್ಕೊಂಡು ಕಳಿಸಿದ್ರಲ್ಲಿ ಅರ್ಧ ಪೋಸ್ಟರ್ ಹರಿದಿತ್ತು, ರಿಸಲ್ಟ್ ಪುಟಗಳೇ ಇರ್ಲಿಲ್ಲ. ಹೊರಗಡೆಯಿಂದ ತರಿಸಿದ ಡಿವಿಡಿಗೆ ಮಾಲಿನಷ್ಟೇ ಕೊರಿಯರ್ರು ಕಸ್ಟಮ್ಸು. ಎಲ್ಲ ಸೇರಿ ಮೂವತ್ತೈದು ನಲವತ್ತು ಸಾವಿರ ಕೈ ಬಿಟ್ಟಿದೆ, ಅದರಲ್ಲಿ ನಿಜವಾಗಿ ಉಪಯೋಗಕ್ಕೆ ಬಂದಿದ್ದು ಹತ್ತು ಸಾವಿರದ್ದು ಇರ್ಬಹುದು.

ವಿಡಿಯೋ ಯಾಕೆ ಕೈ ಕೊಡುತ್ತೆ ಅಂದ್ರೆ, ಅದರಲ್ಲಿರೋದು ಟಿವೀಲಿ ಬಂದ ದಿನ. 80ರ ದಶಕದಲ್ಲಿ ಒಂದೇ ಸಲ ಮೂರು ವಾರದ ಎಪಿಸೋಡು ಶೂಟ್ ಮಾಡಿ ಇಟ್ಕೊಳ್ಳೋರು. 1987ರ ಜನವರಿ 26ಕ್ಕೆ ಟ್ಯಾಂಪಾದಲ್ಲಿ ಹಾರ್ಟ್ ಫೌಂಡೇಶನ್ ಬ್ರಿಟಿಷ್ ಬುಲ್‌ಡಾಗ್ಸ್‌ನ ಸೋಲಿಸಿ ಬೆಲ್ಟ್ ತಗೊಂಡ್ರು, ಜನ ನೋಡಿದ್ದು ಫೆಬ್ರವರಿ 7ಕ್ಕೆ. ಮಧ್ಯದ ಹನ್ನೆರಡು ದಿನ ಯಾರ ಖಾತೆಗೆ? ಇನ್ನು ಟಿವಿಗೇ ಬರದೆ ಬರೀ ಹೌಸ್ ಶೋನಲ್ಲಿ ಕೈ ಬದಲಾದವು ಬೇರೆ. 1993ರ ಜೂನ್ 14ಕ್ಕೆ ಕೊಲಂಬಸ್‌ನಲ್ಲಿ ಸ್ಟೈನರ್ ಬ್ರದರ್ಸ್ ಗೆದ್ರು, 16ಕ್ಕೆ ರಾಕ್‌ಫರ್ಡ್‌ನಲ್ಲಿ ಮನಿ ಇಂಕ್ ವಾಪಸ್ ತಗೊಂಡ್ರು, 19ಕ್ಕೆ ಸೇಂಟ್ ಲೂಯಿಸ್‌ನಲ್ಲಿ ಮತ್ತೆ ಸ್ಟೈನರ್ಸ್. ಕೊನೇ ಎರಡೂ ಹೌಸ್ ಶೋ. ವಿಡಿಯೋ ನೆಚ್ಕೊಂಡ್ರೆ ಅವು ಇಲ್ವೇ ಇಲ್ಲ.

ಆಮೇಲೆ ಡಬಲ್ ಎಂಟ್ರಿಗೆ ಬಂದೆ. ಗೆದ್ದ ತಾರೀಖು ಒಂದು ಕಡೆಯಿಂದ, ಸೋತ ತಾರೀಖು ಬೇರೆ ಕಡೆಯಿಂದ. ಎರಡನ್ನೂ ಒಂದೇ ಪಟ್ಟಿಯಿಂದ ಎತ್ತಬಾರದು, ಎತ್ತಿದ್ರೆ ಟೋಟಲ್ ಹೇಗೂ ಕೂಡುತ್ತೆ, ಅದರಲ್ಲಿ ಏನೂ ಗೊತ್ತಾಗಲ್ಲ. ಲೆಕ್ಕ ಬರೆಯೋರಿಗೆ ಇದು ಹೇಳ್ಬೇಕಾಗಿಲ್ಲ, ಟ್ರಯಲ್ ಬ್ಯಾಲೆನ್ಸ್ ಕೂಡಿದ ಮಾತ್ರಕ್ಕೆ ಪುಸ್ತಕ ಸರಿ ಇದೆ ಅಂತಲ್ಲ.

ಬೆಲ್ಟ್ ಖಾಲಿ ಇದ್ದ ದಿನಗಳಿಗೆ ಸಸ್ಪೆನ್ಸ್ ಅಕೌಂಟ್. ಇಲ್ಲಿ ಬಹಳ ಚೆಂದದ ಕೇಸುಗಳಿವೆ. 1976ರಲ್ಲಿ ಎಕ್ಸಿಕ್ಯೂಷನರ್ಸ್ ಅಂತ ಮುಖವಾಡದ ಜೋಡಿ, ಒಳಗಿದ್ದೋರು ಕಿಲ್ಲರ್ ಕೊವಾಲ್‌ಸ್ಕಿ ಮತ್ತೆ ಬಿಗ್ ಜಾನ್ ಸ್ಟಡ್. ಒಂದಿನ ಮೂರನೇ ಮುಖವಾಡ ರಿಂಗಿಗೆ ಇಳೀತು, ಬೇನಾಮಿ ಅಂತ ಬೆಲ್ಟೇ ಕಿತ್ಕೊಂಡ್ರು. ಆ ಮೂರನೇಯವನು ನಿಕೊಲಾಯ್ ವೊಲ್ಕಾಫ್, ಅದೇ ಮುಂದೆ ಐರನ್ ಶೇಖ್ ಜೊತೆ ಮೊದಲ ರೆಸಲ್‌ಮೇನಿಯಾದಲ್ಲಿ (ಕಂಪನಿಯ ವರ್ಷಕ್ಕೊಂದು ದೊಡ್ಡ ಶೋ) ಇದೇ ಬೆಲ್ಟ್ ಗೆದ್ದ ವೊಲ್ಕಾಫ್. ಇನ್ನೊಂದು, 1980ರ ಆಗಸ್ಟ್ 9ಕ್ಕೆ ಶೇ ಸ್ಟೇಡಿಯಂನಲ್ಲಿ ಬಾಬ್ ಬ್ಯಾಕ್‌ಲಂಡ್, ಪೆಡ್ರೊ ಮೊರಾಲೆಸ್ ಸೇರಿ ವೈಲ್ಡ್ ಸಮೋವನ್ಸ್‌ನ ಸೋಲಿಸಿದ್ರು, ಆದ್ರೆ ಬ್ಯಾಕ್‌ಲಂಡ್ ಆಗ್ಲೇ ದೊಡ್ಡ ಚಾಂಪಿಯನ್, ಒಬ್ಬನ ಹತ್ರ ಎರಡು ಬೆಲ್ಟ್ ಇರಂಗಿಲ್ಲ ಅಂತ ಬಿಟ್ಕೊಟ್ರು. ಸೆಪ್ಟೆಂಬರ್ 9ಕ್ಕೆ ಮತ್ತೆ ಸಮೋವನ್ಸ್ ಕೈಗೇ ಹೋಯ್ತು.

ಇದನ್ನ ಶೀಟಿಗೆ ಹಾಕೋವಾಗ್ಲೇ ಎಲ್ಲ ಹಾಳಾಗಿದ್ದು. ಅಮೆರಿಕದೋರು ತಿಂಗಳು ಮೊದ್ಲು ಬರೀತಾರೆ. 8/9/1980 ಅಂತ ಪೇಸ್ಟ್ ಮಾಡಿದ್ರೆ ನಮ್ಮ ಕಂಪ್ಯೂಟರ್ ಅದನ್ನ ಸೆಪ್ಟೆಂಬರ್ 8 ಮಾಡ್ಕೊಳುತ್ತೆ, ಸದ್ದಿಲ್ದೆ. ಮೂವತ್ತೊಂದು ದಿನ ಖಾಲಿ ಇದ್ದ ಬೆಲ್ಟು ಒಂದೇ ದಿನ ಖಾಲಿ ಇದ್ದ ಹಾಗೆ ಆಯ್ತು. ಮೊದಲ ಜೋಡಿ ಕಥೆ ಇನ್ನೂ ಘೋರ. ಟೈಲರ್, ಗ್ರಹಾಂ ಸೋತಿದ್ದು 1971ರ ಡಿಸೆಂಬರ್ 6ಕ್ಕೆ, ಕಾರ್ಲ್ ಗಾಚ್ ಮತ್ತೆ ರೆನೆ ಗೂಲೆ ಕೈಲಿ, ಅಂದ್ರೆ 186 ದಿನ ಇಟ್ಕೊಂಡಿದ್ರು. 12/6 ತಿರುಗಿ ಜೂನ್ 12 ಆಗ್ಬಿಟ್ಟು 186 ದಿನದ ಚಾಂಪಿಯನ್ನರು 9 ದಿನದ ಚಾಂಪಿಯನ್ನರು! ಮುಂದಿನ ಜೋಡಿ ಗೆದ್ದ ತಾರೀಖೂ ಅದೇ ಥರ ತಿರುಗಿರೋದ್ರಿಂದ ಒಂದಕ್ಕೊಂದು ಕೂತ್ಕೊಂಡು ಟೋಟಲ್ 14,319 ಕರೆಕ್ಟಾಗಿ ತೋರಿಸ್ತಿತ್ತು. ಇಲ್ಲೇ ಎಷ್ಟೋ ಜನ ಖುಷಿಯಾಗಿ ಎದ್ದು ಹೋಗ್ತಾರೆ, ನಾನು ನೋಡಿದ ಎರಡು ಮೂರು ಪಟ್ಟೀಲಿ ಇಂಥವು ಇವತ್ತಿಗೂ ಹಾಗೇ ಇವೆ.

ಅದಕ್ಕೆ ನಾನು ಕೂರಿಸಿದ್ದು ವಾರದ ಕಾಲಂ. ತಾರೀಖಿನ ಪಕ್ಕ ಸೋಮವಾರವೋ ಮಂಗಳವಾರವೋ ಅಂತ ಬರೆಯೋದು, ಅಷ್ಟೇ. ಗುಂಪಲ್ಲಿ ನಕ್ಕಿದ್ದೇ ನಕ್ಕಿದ್ದು, ಪಂಚಾಂಗದ ಮೆಥಡ್ಡು ಅಂತ ಹೆಸರಿಟ್ರು, ರಾಹುಕಾಲ ಯಾವಾಗ ಅಂತ ಕೇಳೋರು. ಆದ್ರೆ ನೋಡಿ, ಈ ಕಂಪನಿಗೆ ವಾರದ ರೂಢಿ ಅಂತ ಒಂದಿದೆ. ಆಗಿನ ನ್ಯೂಯಾರ್ಕ್ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ ಶೋ ಬಹುತೇಕ ಸೋಮವಾರ. ಪೇ ಪರ್ ವ್ಯೂ, ಅಂದ್ರೆ ಬೇರೆ ದುಡ್ಡು ಕಟ್ಟಿ ನೋಡೋ ದೊಡ್ಡ ಶೋ, ಹೆಚ್ಚಾಗಿ ಭಾನುವಾರ. ಟಿವಿ ಟೇಪಿಂಗು ಮಂಗಳವಾರ ಬುಧವಾರ ಜಾಸ್ತಿ. ಗಾಚ್, ಗೂಲೆ ಗೆದ್ದಿದ್ದು ಗಾರ್ಡನ್‌ನಲ್ಲಿ, ಡಿಸೆಂಬರ್ 6 ಸೋಮವಾರ, ಸರಿಯಾಗಿ ಕೂರುತ್ತೆ, ಜೂನ್ 12 ಶನಿವಾರ, ಕೂರಲ್ಲ. ಶೀಟ್‌ನಲ್ಲಿ ಊರು ಮತ್ತೆ ವಾರ ಹೊಂದಿಲ್ಲ ಅಂದ್ರೆ ಆ ಸಾಲು ಕೆಂಪಾಗೋ ಹಾಗೆ ಮಾಡಿಟ್ಟೆ. ಮೊದಲ ರಾತ್ರಿ ಇಪ್ಪತ್ತೋ ಮೂವತ್ತೋ ಸಾಲು ಕೆಂಪಾದ್ವು, ಹುಡುಕಿದ್ರೆ ಮುಕ್ಕಾಲು ಪಾಲು ತಿರುಗಿದ ತಾರೀಖೋ ಇಲ್ಲಾ ಟಿವೀಲಿ ಬಂದ ತಾರೀಖೋ ಆಗಿತ್ತು. ನಕ್ಕೋರು ಆಮೇಲೆ ಒಬ್ಬೊಬ್ರೇ ಬಂದು ಫಾರ್ಮುಲಾ ಕೇಳಿದ್ರು.

ತಿರುಗಿಸಿದ್ರೂ ವಾರ ಹೊಂದೋ ಕಳ್ಳ ತಾರೀಖುಗಳೂ ಇವೆ. 2009ರ ಏಪ್ರಿಲ್ 5, ರೆಸಲ್‌ಮೇನಿಯಾ 25, ಹೂಸ್ಟನ್, ಕಾರ್ಲಿಟೊ ಪ್ರಿಮೊ ಜೋಡಿ ಮಿಜ್, ಮಾರಿಸನ್ ಕೈಯಿಂದ ಈ ಬೆಲ್ಟ್ ತಗೊಂಡು, ಇದೂ 2002ರದ್ದೂ ಎರಡೂ ಟೈಟಲ್ ಒಂದೇ ಜೋಡಿ ಕೈಗೆ ಬಂದು ಒಂದಾದ ದಿನ. ಇಷ್ಟು ದೊಡ್ಡ ವಿಷಯ, ಟಿವೀಲೇ ತೋರಿಸ್ಲಿಲ್ಲ, ಶೋ ಶುರುವಾಗೋ ಮುಂಚೆ ಮುಗಿಸಿಬಿಟ್ರು, ನಂಗೆ ಇವತ್ತಿಗೂ ಅದು ಹೊಟ್ಟೆ ಉರಿ. 4/5 ತಿರುಗಿದ್ರೆ ಮೇ 4, ಸೋಮವಾರ, ಕಂಪನಿಯ ವಾರದ ಟಿವಿ ಶೋ ರಾ ನಡೆಯೋ ದಿನ! ಕೆಂಪಾಗಲ್ಲ. ಇಂಥವನ್ನ ಹಿಡಿಯೋಕೆ ಇನ್ನೊಂದು ಕಾಲಂ ಇದೆ, ಅದನ್ನ ಸದ್ಯಕ್ಕೆ ಹೇಳಲ್ಲ. ಕಷ್ಟಪಟ್ಟು ಕಂಡ್ಕೊಂಡಿದ್ದು, ಮುಂದಿನ ಟೈಟಲ್ ಮುಗಿಯೋ ತನಕ ನನ್ನ ಹತ್ರನೇ ಇರ್ಲಿ.

ಈಗ ಆಕ್ಸ್, ಸ್ಮ್ಯಾಶ್ ಅನ್ನೋರ ಜೋಡಿ ಡೆಮಾಲಿಷನ್ ಬಗ್ಗೆ ಇರೋ ಜಗಳ. 1988ರ ಮಾರ್ಚ್ 27, ರೆಸಲ್‌ಮೇನಿಯಾ 4, ಸ್ಟ್ರೈಕ್ ಫೋರ್ಸ್‌ನ ಸೋಲಿಸಿ ಆಕ್ಸ್, ಸ್ಮ್ಯಾಶ್ ಗೆದ್ರು. 1989ರ ಜುಲೈ 18, ಮಂಗಳವಾರ, ವೂಸ್ಟರ್‌ನಲ್ಲಿ ಬ್ರೇನ್ ಬಸ್ಟರ್ಸ್‌ಗೆ ಸೋತ್ರು. 478 ದಿನ. ಟಿವೀಲಿ ಬಂದಿದ್ದು ಜುಲೈ 29, ಶನಿವಾರ, ಕಾರ್ಯಕ್ರಮದ ಹೆಸರೇ ಸ್ಯಾಟರ್ಡೇ ನೈಟ್ಸ್ ಮೇನ್ ಇವೆಂಟ್. ಆ ಲೆಕ್ಕ ಹಿಡಿದ್ರೆ 489. ಹನ್ನೊಂದು ದಿನ ತಾನೇ ಅಂತೀರಾ? 2016ರಲ್ಲಿ ನ್ಯೂ ಡೇ ಡೆಮಾಲಿಷನ್ ರೆಕಾರ್ಡ್ ಮುರಿದ್ರು ಅಂತ ದೊಡ್ಡ ಸಂಭ್ರಮ ಆಯ್ತಲ್ಲ, ಅವರದ್ದು 2015ರ ಆಗಸ್ಟ್ 23ರಿಂದ 2016ರ ಡಿಸೆಂಬರ್ 18, ಒಟ್ಟು 483. ಟಿವಿ ತಾರೀಖು ಹಿಡಿಯೋರ ಪ್ರಕಾರ ಆರು ದಿನ ಕಮ್ಮಿ ಬಿತ್ತು! ನಾನು ಕುಸ್ತಿ ನಡೆದ ದಿನಾನೇ ಹಿಡಿಯೋನು, ಹಾಗಾಗಿ ನಂಗೆ 478ಏ ಸರಿ, ನ್ಯೂ ಡೇ ಹುಡುಗ್ರು ಮುರಿದಿದ್ದೂ ಸರಿ. ಆದ್ರೆ ಅವರು ಗೆದ್ದಿದ್ದು 2002ರ ಬೆಲ್ಟು. ಈ ಬೆಲ್ಟಿನ ಖಾತೆ ಮುಚ್ಚಿದೆ, ಇದರಲ್ಲಿ 478ನ್ನ ಇನ್ನು ಯಾರೂ ದಾಟೋ ಹಾಗಿಲ್ಲ. ಡೆಮಾಲಿಷನ್ ಮೂರು ಸಲದ್ದು ಕೂಡಿದ್ರೆ 478, 72, 148, ಒಟ್ಟು 698.

ಇದ್ರ ಮಧ್ಯೆ ಒಂದು ಅಡ್ಡದಾರಿ ಹಿಡಿದೆ. ಜೋಡಿ ಖಾತೆ ಇದ್ದಂಗೇ ಒಬ್ಬೊಬ್ಬನಿಗೂ ಬೇರೆ ಖಾತೆ ತೆಗೆದ್ರೆ ಹೇಗೆ ಅಂತ. ಎಲ್ರೂ ಎಡ್ಜ್ ಹೆಸ್ರು ಹೇಳ್ತಾರೆ, 12 ಸಲ ಗೆದ್ದಿದಾನೆ ನಿಜ. ದಿನದ ಲೆಕ್ಕದಲ್ಲಿ ಮೇಲೆ ಬಂದಿದ್ದು ಯಾರು ಗೊತ್ತಾ? ಮಿಸ್ಟರ್ ಫ್ಯೂಜಿ! ನಾವೆಲ್ಲ ಯೊಕೊಜುನಾ ಪಕ್ಕ ಕಪ್ಪು ಟೋಪಿ ಹಾಕ್ಕೊಂಡು ಜಪಾನ್ ಬಾವುಟ ಹಿಡಿದು ನಿಂತಿರೋದು ನೋಡಿದ್ದೀವಲ್ಲ, ಎದುರಾಳಿ ಕಣ್ಣಿಗೆ ಉಪ್ಪು ಎರಚೋನು, ಅವನೇ. ಪ್ರೊಫೆಸರ್ ಟೊರು ಟನಾಕಾ ಜೊತೆ 337, 64, 168. ಮಿಸ್ಟರ್ ಸೈಟೊ ಜೊತೆ 258, 105. ಒಟ್ಟು 932 ದಿನ. ಡೆಮಾಲಿಷನ್‌ಗೂ ಒಂದು ಕಾಲಕ್ಕೆ ಮ್ಯಾನೇಜರ್ ಆಗಿದ್ದೋನು ಇವನೇ, ಅಂದ್ರೆ ರಿಂಗ್ ಒಳಗಿದ್ದ ಇಬ್ಬರಿಗಿಂತ ಹೊರಗೆ ಕೋಲು ಹಿಡಿದು ನಿಂತಿದ್ದೋನ ಖಾತೆ ದೊಡ್ಡದು. ಈ ಒಂದು ಸಾಲಿಗಾಗಿಯೇ ನಾನು ಹಾಕಿದ ದುಡ್ಡು ಸಾರ್ಥಕ ಅನ್ಸುತ್ತೆ.

ಒಬ್ಬೊಬ್ಬನ ಖಾತೇಲಿ ತಲೆನೋವು ಅಂದ್ರೆ ಪಾಲುದಾರ ಬದಲಾಗೋದು. 1976ರಲ್ಲಿ ಮೂರನೇಯವನು ಬಂದ ಅಂತ ಬೆಲ್ಟ್ ಕಿತ್ಕೊಂಡ ಇದೇ ಕಂಪನಿ 1990ರಲ್ಲಿ ಡೆಮಾಲಿಷನ್‌ಗೆ ಕ್ರಶ್ ಸೇರಿದಾಗ ಮೂರು ಜನರಲ್ಲಿ ಯಾರಿಬ್ರು ಬೇಕಾದ್ರೂ ಆಡಿ ಅಂತು. 2009ರಲ್ಲಿ ಎಡ್ಜ್ ಕಾಲು ಪೆಟ್ಟಾಗಿ ಹೊರಗೆ ಹೋದಾಗ ಅವನ ಜೊತೆಗಾರ ಜೆರಿಕೊ ಬಿಗ್ ಶೋ ಅನ್ನೋ ಕುಸ್ತಿಪಟುನ ಕರ್ಕೊಂಡು ಬಂದ. ನಾನು ಬಿಗ್ ಶೋ ಬಂದ ದಿನಕ್ಕೆ, ಅಂದ್ರೆ ಜುಲೈ 26ಕ್ಕೆ, ಎಡ್ಜ್ ಖಾತೆ ಮುಚ್ಚಿದೆ. ಕೆಲವ್ರು ಒಪ್ಪಲ್ಲ, ಇರ್ಲಿ.

ರಾಕರ್ಸ್ ಕೇಸು ಮಾತ್ರ ನಂಗೆ ನಿಜವಾಗ್ಲೂ ಬೇಜಾರು. 1990ರ ಅಕ್ಟೋಬರ್ 30, ಫೋರ್ಟ್ ವೇನ್, ಶಾನ್ ಮೈಕಲ್ಸ್, ಮಾರ್ಟಿ ಜನೆಟಿ ಹಾರ್ಟ್ ಫೌಂಡೇಶನ್‌ನ ಸೋಲಿಸಿದ್ರು. ಆಟದ ಮಧ್ಯೆ ಮೇಲಿನ ಹಗ್ಗ ಕಿತ್ತೋಗಿತ್ತು. ಟಿವೀಲಿ ಹಾಕ್ಲೇ ಇಲ್ಲ, ಬೆಲ್ಟ್ ಹಾರ್ಟ್ ಫೌಂಡೇಶನ್ ಹತ್ರನೇ ಇತ್ತು ಅನ್ನೋ ಹಾಗೆ ಮುಂದುವರಿಸಿದ್ರು. ಮೂರು ಎಣಿಸಿದ್ದು ನಿಜ, ನೋಡಿದ ಜನ ನಿಜ, ಆದ್ರೂ ಲೆಕ್ಕಕ್ಕಿಲ್ಲ. ಕಂಪನಿ ಲೆಕ್ಕದಲ್ಲಿ ಹಾರ್ಟ್ ಫೌಂಡೇಶನ್‌ಗೆ 209 ದಿನ ಪೂರ್ತಿ. ನಾನೂ ಟೋಟಲ್ ಅದರ ಪ್ರಕಾರಾನೇ ಇಟ್ಟಿದೀನಿ, ಆದ್ರೆ ಆ ಸಾಲಿನ ಕೆಳಗೆ ರಾಕರ್ಸ್ ಹೆಸರು, ಊರು, ತಾರೀಖು, ವಾರ ಎಲ್ಲ ಬರೆದು ದಿನದ ಕಾಲಂ ಖಾಲಿ ಬಿಟ್ಟಿದೀನಿ. ಅಳಿಸೋಕೆ ಮನಸ್ಸು ಬರಲ್ಲ.

ಇದೇ ಮೆಥಡ್ ಹಿಡ್ಕೊಂಡು ಹಳೇ ಹೆಂಗಸರ ಟ್ಯಾಗ್ ಟೈಟಲ್ಲಿಗೂ ಕೈ ಹಾಕಿ ನೋಡಿದೆ, 1989ರಲ್ಲಿ ನಿಂತೋಯ್ತಲ್ಲ ಅದು. ಜಂಪಿಂಗ್ ಬಾಂಬ್ ಏಂಜಲ್ಸ್ 1988ರ ಜನವರಿ 24ಕ್ಕೆ ರಾಯಲ್ ರಂಬಲ್‌ನಲ್ಲಿ ಗೆದ್ದಿದ್ದು ಸಿಕ್ತು, ಜೂನ್‌ನಲ್ಲಿ ಜಪಾನಲ್ಲಿ ಗ್ಲಾಮರ್ ಗರ್ಲ್ಸ್ ವಾಪಸ್ ತಗೊಂಡಿದ್ದೂ ಸಿಕ್ತು, ಹಿಂದಕ್ಕೆ ಹೋದಂಗೆ ಎರಡನೇ ಕಡೆಯ ತಾರೀಖೇ ಸಿಗಲ್ಲ. ಡಬಲ್ ಎಂಟ್ರಿ ಆಗ್ದೇ ಇದ್ರೆ ನಾನು ಬರೆಯಲ್ಲ, ಬಿಟ್ಟೆ.

ಈಗ ಡಬ್ಲ್ಯುಸಿಡಬ್ಲ್ಯು ಅನ್ನೋ ಇನ್ನೊಂದು ಹಳೇ ಕುಸ್ತಿ ಕಂಪನಿಯ ಟ್ಯಾಗ್ ಟೈಟಲ್ ಶುರು ಮಾಡಿದೀನಿ. ಅದರ ಕೊನೇ ಸಾಲು ಈ ಪುಸ್ತಕದಲ್ಲೇ ಇದೆ, 2001ರ ನವೆಂಬರ್ 18, ಸರ್ವೈವರ್ ಸೀರೀಸ್, ಕಬ್ಬಿಣದ ಪಂಜರದೊಳಗೆ ಡಡ್ಲಿ ಬಾಯ್ಸ್ ಹಾರ್ಡಿ ಬಾಯ್ಸ್‌ನ ಸೋಲಿಸಿ ಎರಡೂ ಬೆಲ್ಟ್ ಒಂದು ಮಾಡಿದ್ದು. ಅಲ್ಲಿಂದ ಹಿಂದಕ್ಕೆ ಬರೀತಾ ಹೋಗ್ತಿದೀನಿ. ಯಾರ ಹತ್ರಾದ್ರೂ 90ರ ದಶಕದ ರಿಸಲ್ಟ್ ಪುಟ ಇರೋ ಮ್ಯಾಗಜೀನ್ ಇದ್ರೆ ಹೇಳಿ, ಪೋಸ್ಟರ್ ನೀವೇ ಇಟ್ಕೊಳ್ಳಿ, ನಂಗೆ ಆ ಪುಟಗಳ ಫೋಟೋ ಸಾಕು, ಒಂದು ಪುಟಕ್ಕೆ ಹತ್ತು ರೂಪಾಯಿ ಲೆಕ್ಕದಲ್ಲಿ ಕೊಡ್ತೀನಿ.