ಹಳೆಯ ಮುಖದ ವ್ಯಾಗನ್: ಸೆಕೆಂಡ್ ಹ್ಯಾಂಡ್ ಷೆವರ್ಲೆ ಎಚ್‌ಎಚ್‌ಆರ್ ಕೊಂಡ ನನ್ನ ಅನುಭವ

ಒಹಾಯೊ ರಾಜ್ಯದಲ್ಲಿರುವ ನಮ್ಮ ಮನೆಗೆ ಎರಡನೆಯ ಕಾರೊಂದು ಬೇಕಾದಾಗ ನನ್ನ ಬೇಡಿಕೆಗಳು ಹೆಚ್ಚೇನೂ ಇರಲಿಲ್ಲ. ಏಣಿ, ಮರದ ಹಲಗೆ, ತೋಟದ ಮಣ್ಣಿನ ಚೀಲಗಳು ಹಿಡಿಸಬೇಕು, ನಿಲ್ಲಿಸಲು ಸಣ್ಣ ಕಾರಿನಷ್ಟೇ ಜಾಗ ಸಾಕಾಗಬೇಕು, ಬೆಲೆ 4,000 ಡಾಲರ್ ಮೀರಬಾರದು. ಇಷ್ಟಕ್ಕೆ ಹಿಂದೆ ಸಾಮಾನಿಗೆ ಜಾಗವಿರುವ ಯಾವ ವ್ಯಾಗನ್ ಕಾರಾದರೂ ನಡೆಯುತ್ತಿತ್ತು. ಆದರೆ ಉಬ್ಬಿದ ಮಡ್‌ಗಾರ್ಡು, ಎತ್ತರದ ಛಾವಣಿ, ದುಂಡು ದೀಪಗಳಿರುವ ಹಳೆಯ ಕಾಲದ ರೂಪದ ವಾಹನಗಳ ಮೇಲೆ ನನಗೆ ಮೊದಲಿನಿಂದಲೂ ಒಲವಿದ್ದುದರಿಂದ ಹುಡುಕಾಟ ಬಹುಬೇಗ ಎರಡೇ ಹೆಸರುಗಳಿಗೆ ಬಂದು ನಿಂತಿತು: ಕ್ರೈಸ್ಲರ್ ಕಂಪನಿಯ ಪಿಟಿ ಕ್ರೂಸರ್ ಮತ್ತು ಷೆವರ್ಲೆಯ ಎಚ್‌ಎಚ್‌ಆರ್.

ಈ ಎರಡೂ ಕಾರುಗಳ ಹೊರರೂಪದ ಹಿಂದೆ ಒಬ್ಬನೇ ವಿನ್ಯಾಸಕಾರನ ಕೈ ಇದೆ. ಬ್ರಯಾನ್ ನೆಸ್ಬಿಟ್ ಮೊದಲು ಕ್ರೈಸ್ಲರ್‌ನಲ್ಲಿದ್ದು ಪಿಟಿ ಕ್ರೂಸರ್ ರೂಪಿಸಿದರು, ಬಳಿಕ ಜನರಲ್ ಮೋಟರ್ಸ್ ಸೇರಿ 1949ರ ಷೆವರ್ಲೆ ಸಬರ್ಬನ್‌ನ ಚಹರೆಯನ್ನು ನೆನಪಿಸುವ ಎಚ್‌ಎಚ್‌ಆರ್‌ಗೆ ಆಕಾರ ಕೊಟ್ಟರು. ಕ್ರೂಸರ್ 2001ರ ಮಾದರಿಯಿಂದ 2010ರವರೆಗೆ ಬಂದರೆ, ಎಚ್‌ಎಚ್‌ಆರ್ 2006ರಿಂದ 2011ರವರೆಗಿನ ಮಾದರಿಗಳಲ್ಲಿ ಮೆಕ್ಸಿಕೊದ ರಾಮೋಸ್ ಅರಿಸ್ಪೆ ಕಾರ್ಖಾನೆಯಲ್ಲಿ ತಯಾರಾಯಿತು. ಹಿಂದಿನ ಸೀಟುಗಳನ್ನು ಬಿಚ್ಚಿ ಹೊರಗಿಡಬಹುದಾದ ಕ್ರೂಸರ್ ಸಾಮಾನು ಸಾಗಿಸುವವರಿಗೆ ನಿಜಕ್ಕೂ ಅನುಕೂಲದ ಕಾರು. ಆದರೆ ಅದರ ಎಂಜಿನ್ನಿನಲ್ಲಿ ಒಳಭಾಗಗಳನ್ನು ಒಂದೇ ತಾಳಕ್ಕೆ ತಿರುಗಿಸುವ, ಕಾಲಕಾಲಕ್ಕೆ ಬದಲಾಯಿಸಬೇಕಾದ ಟೈಮಿಂಗ್ ಬೆಲ್ಟ್ ಇದೆ. ಹಲವು ಕೈ ದಾಟಿ ಬಂದ ಹಳೆಯ ಕಾರಿನಲ್ಲಿ ಆ ಬೆಲ್ಟನ್ನು ಯಾವಾಗ ಬದಲಾಯಿಸಿದರು ಎಂಬುದಕ್ಕೆ ರಸೀದಿ ಸಿಗುವುದು ಅಪರೂಪ. ಎಚ್‌ಎಚ್‌ಆರ್‌ನ ಇಕೋಟೆಕ್ ಎಂಜಿನ್ನುಗಳಲ್ಲಿರುವುದು ಹಾಗೆ ಅವಧಿಗೊಮ್ಮೆ ಬದಲಾಯಿಸಬೇಕಿಲ್ಲದ ಟೈಮಿಂಗ್ ಚೈನು. ಆಯ್ಕೆಗೆ ನನಗೆ ಆ ಒಂದು ಕಾರಣ ಸಾಕಾಯಿತು.

ಹುಡುಕಲು ಹೊರಡುವ ಮೊದಲೇ ನಾನು ಮನಸ್ಸಿನಲ್ಲಿ ಖಚಿತಪಡಿಸಿಕೊಂಡ ಸಂಗತಿಯೊಂದಿದೆ, ಮುಂದಿನ ನಿರ್ಧಾರಗಳೆಲ್ಲ ಅದರ ಮೇಲೆಯೇ ನಿಂತವು. ಎಚ್‌ಎಚ್‌ಆರ್‌ನ ಹೊರಕವಚ ಎಷ್ಟೇ ವಿಶಿಷ್ಟವಾಗಿದ್ದರೂ ಅದರೊಳಗಿರುವುದು ಆ ಕಾಲದ ಸಾಧಾರಣ ಷೆವರ್ಲೆ ಕೋಬಾಲ್ಟ್. ಎರಡೂ ಡೆಲ್ಟಾ ಎಂಬ ಒಂದೇ ತಳಹದಿಯ ಮೇಲೆ ನಿಂತಿವೆ, 2.2 ಮತ್ತು 2.4 ಲೀಟರಿನ ಎಂಜಿನ್ನುಗಳು, ನಾಲ್ಕು ಗೇರುಗಳ ಆಟೊಮ್ಯಾಟಿಕ್ ಪೆಟ್ಟಿಗೆ, ಸಸ್ಪೆನ್ಷನ್ನಿನ ಬಹುಪಾಲು ಎಲ್ಲವೂ ಹಂಚಿಕೊಂಡವು. ಕೋಬಾಲ್ಟ್ ಅಮೆರಿಕದ ರಸ್ತೆಗಳಲ್ಲಿ ಎಚ್‌ಎಚ್‌ಆರ್‌ಗಿಂತಲೂ ಹೆಚ್ಚಿನ ಸಂಖ್ಯೆಯಲ್ಲಿ ಓಡಾಡಿದ ಕಾರಾದ್ದರಿಂದ ಯಂತ್ರಭಾಗಗಳು ಯಾವ ಬಿಡಿಭಾಗದ ಅಂಗಡಿಯಲ್ಲಾದರೂ ಕಡಿಮೆ ಬೆಲೆಗೆ ಸಿಗುತ್ತವೆ, ಯಾವ ಮೆಕ್ಯಾನಿಕ್ಕಿಗಾದರೂ ಪರಿಚಿತವಾಗಿವೆ. ಆದರೆ ದುಂಡು ಹಿಂದೀಪ, ಉಬ್ಬಿದ ಮಡ್‌ಗಾರ್ಡು, ಹಿಂಬಾಗಿಲು, ಮುಂಭಾಗದ ಕ್ರೋಮ್ ಪಟ್ಟಿಗಳು ಈ ಕಾರಿಗೆ ಮಾತ್ರ ಸೇರಿದವು. ಉತ್ಪಾದನೆ ನಿಂತು ಇಷ್ಟು ವರ್ಷಗಳಾದ ಮೇಲೆ ಅವನ್ನು ಗುಜರಿ ಅಂಗಳಗಳಲ್ಲಿ ಅರಸಬೇಕು. ಹೀಗಾಗಿ ಮುಂಗಾಲಿಯ ಬಳಿ ಸದ್ದು ಬರುವ, ಆದರೆ ಮೈ ಗಟ್ಟಿಯಾಗಿರುವ ಎಚ್‌ಎಚ್‌ಆರ್ ಅನ್ನು ನಾನು ಕೊಳ್ಳಲು ಸಿದ್ಧನಿದ್ದೆ. ಬೆಣ್ಣೆಯಂತೆ ಓಡುವ, ಆದರೆ ತಳದಲ್ಲಿ ತುಕ್ಕು ತಿಂದ ಎಚ್‌ಎಚ್‌ಆರ್ ಅನ್ನು ಅರ್ಧ ಬೆಲೆಗೆ ಕೊಟ್ಟರೂ ಬೇಡವೆಂದು ತೀರ್ಮಾನಿಸಿದ್ದೆ.

ಟರ್ಬೊ ಎಂಜಿನ್ನಿನ ಎಸ್‌ಎಸ್ ಮಾದರಿಯ ಕಡೆಗೆ ನಾನು ಕಣ್ಣು ಹಾಯಿಸಲಿಲ್ಲ. ಮ್ಯಾನುಯಲ್ ಗೇರಿನಲ್ಲಿ 260 ಅಶ್ವಶಕ್ತಿ ಕೊಡುವ ಆ ಕಾರನ್ನು ಮೊದಲ ಮಾಲೀಕರು ಮಣ್ಣಿನ ಚೀಲ ಹೊರಲು ಕೊಂಡಿರಲಾರರು.

ನಾನು ಕೊನೆಗೆ ಕೊಂಡದ್ದು 2009ರ ಮಾದರಿಯ, 2.4 ಲೀಟರ್ ಎಂಜಿನ್ನಿನ, ಆಟೊಮ್ಯಾಟಿಕ್ ಗೇರಿನ ಎಲ್‌ಟಿ ಕಾರು. ಅದನ್ನು ನೋಡಲು ಹೋಗುವ ಮುನ್ನ ಮಾರುವವರಿಂದ ಪ್ರತಿ ಕಾರಿಗೂ ಬೇರೆಯಾಗಿರುವ, 17 ಅಕ್ಷರ-ಅಂಕಿಗಳ ಗುರುತಿನ ಸಂಖ್ಯೆಯಾದ ವಿನ್ ಅನ್ನು ಕೇಳಿ ತರಿಸಿಕೊಂಡೆ. ಆ ಸಂಖ್ಯೆಯ ಮೊದಲ ಅಂಕಿ 3 ಆಗಿದ್ದರೆ ಕಾರು ಮೆಕ್ಸಿಕೊದಲ್ಲಿ ತಯಾರಾದದ್ದು ಎಂದರ್ಥ, ಹತ್ತನೆಯ ಸ್ಥಾನದಲ್ಲಿರುವುದು ಮಾದರಿ ವರ್ಷ. ವಿನ್ ಕೊಡಲು ಹಿಂದೆಮುಂದೆ ನೋಡುವವರ ಕಾರನ್ನು ನೋಡಲು ಹೋಗುವುದೇ ಬೇಡ ಎಂಬುದು ನನ್ನ ನಿಯಮ. ಕೇಂದ್ರ ಸರ್ಕಾರದ ಹೆದ್ದಾರಿ ಸುರಕ್ಷತಾ ಸಂಸ್ಥೆಯಾದ ಎನ್‌ಎಚ್‌ಟಿಎಸ್‌ಎಯ ತಾಣದಲ್ಲಿ ಆ ಸಂಖ್ಯೆಯನ್ನು ಹಾಕಿದರೆ ಯಾವ ರೀಕಾಲ್ ಕೆಲಸ (ದೋಷ ಸರಿಪಡಿಸಲು ಕಂಪನಿ ಕಾರನ್ನು ಹಿಂದಕ್ಕೆ ಕರೆಸಿಕೊಳ್ಳುವುದು) ಇನ್ನೂ ಬಾಕಿ ಇದೆ ಎಂಬುದು ಹಣ ಖರ್ಚಿಲ್ಲದೆ ತಿಳಿಯುತ್ತದೆ. ಬೇರೆ ಕಾರುಗಳ ವಿಷಯದಲ್ಲಿ ಇದನ್ನು ಕೊನೆಯಲ್ಲಿ ನೋಡಿದರೂ ನಡೆದೀತು, ಎಚ್‌ಎಚ್‌ಆರ್ ವಿಷಯದಲ್ಲಿ ಇದೇ ಮೊದಲ ಹೆಜ್ಜೆ.

ಏಕೆಂದರೆ 2014ರಲ್ಲಿ ಜನರಲ್ ಮೋಟರ್ಸ್ ಹಿಂದಕ್ಕೆ ಕರೆಸಿಕೊಂಡ ಸುಮಾರು 26 ಲಕ್ಷ ಕಾರುಗಳಲ್ಲಿ ಎಚ್‌ಎಚ್‌ಆರ್ ಕೂಡ ಒಂದು. ಇಗ್ನಿಷನ್ ಸ್ವಿಚ್ಚಿನೊಳಗಿನ ಹಿಡಿತ ಸಡಿಲವಾಗಿದ್ದುದರಿಂದ ಭಾರವಾದ ಕೀಗೊಂಚಲಿನ ಜಗ್ಗಾಟಕ್ಕೋ ಮೊಣಕಾಲು ತಗುಲಿದ್ದಕ್ಕೋ ಕೀ ತಾನಾಗಿ ಹಿಂದಕ್ಕೆ ತಿರುಗಿ, ಓಡುತ್ತಿರುವ ಎಂಜಿನ್ ಆರಿಹೋಗುತ್ತಿತ್ತು. ಎಂಜಿನ್ ಆರಿದೊಡನೆ ಸ್ಟಿಯರಿಂಗ್ ಮತ್ತು ಬ್ರೇಕುಗಳಿಗಿದ್ದ ನೆರವು ಕೈಕೊಡುತ್ತಿತ್ತು, ಅಪಘಾತವಾದರೆ ಏರ್‌ಬ್ಯಾಗುಗಳೂ ತೆರೆದುಕೊಳ್ಳುತ್ತಿರಲಿಲ್ಲ. ಈ ದೋಷಕ್ಕೆ ಸಂಬಂಧಿಸಿದ 124 ಸಾವುಗಳಿಗೆ ಕಂಪನಿಯ ಪರಿಹಾರ ನಿಧಿಯೇ ಹಣ ಪಾವತಿಸಿದೆ. ಮೊದಲು 2006 ಮತ್ತು 2007ರ ಎಚ್‌ಎಚ್‌ಆರ್‌ಗಳನ್ನಷ್ಟೇ ಕರೆಸಿಕೊಳ್ಳಲಾಗಿತ್ತು. ರಿಪೇರಿಯ ವೇಳೆ ಹಳೆಯ ದೋಷಯುಕ್ತ ಸ್ವಿಚ್ಚುಗಳೇ ನಂತರದ ಕಾರುಗಳಿಗೂ ಸೇರಿರಬಹುದೆಂದು ಬಳಿಕ 2011ರವರೆಗಿನ ಎಲ್ಲವನ್ನೂ ಸೇರಿಸಲಾಯಿತು. ಕೀ ಕೂರುವ ಲಾಕ್ ಸಿಲಿಂಡರನ್ನು ಬದಲಾಯಿಸುವ ರೀಕಾಲ್ ಬೇರೆ, ಟರ್ಬೊ ಅಲ್ಲದ 2009 ಮತ್ತು 2010ರ ಎಚ್‌ಎಚ್‌ಆರ್‌ಗಳ ವಿದ್ಯುತ್ ಪವರ್ ಸ್ಟಿಯರಿಂಗ್ ಕುರಿತ ರೀಕಾಲ್ ಬೇರೆ. ಮಾಲೀಕರು ಎಷ್ಟು ಮಂದಿ ಬದಲಾಗಿದ್ದರೂ ಈ ಕೆಲಸಗಳನ್ನು ಡೀಲರುಗಳು ಪುಕ್ಕಟೆಯಾಗಿ ಮಾಡಿಕೊಡಬೇಕು. ನಾನು ನೋಡಿದ ಕಾರಿನ ಸ್ಟಿಯರಿಂಗ್ ಕೆಲಸ ಮುಗಿದಿತ್ತು, ಸ್ವಿಚ್ಚು ಮತ್ತು ಸಿಲಿಂಡರಿನ ಕೆಲಸ ಬಾಕಿ ಇತ್ತು. ಇಷ್ಟು ವರ್ಷ ಹಾಗೆಯೇ ಓಡಿಸಿದರಲ್ಲ ಎಂದು ಬೆರಗಾಯಿತಾದರೂ, ಪುಕ್ಕಟೆಯಾಗಿ ಸರಿಹೋಗುವ ದೋಷ ಕೊಳ್ಳಲು ಅಡ್ಡಿಯಾಗಬೇಕಿಲ್ಲ.

ಎರಡನೆಯದಾಗಿ ಮೈಲಿಗಳ ಲೆಕ್ಕ. 2021ರಿಂದ ಜಾರಿಗೆ ಬಂದ ಕೇಂದ್ರದ ನಿಯಮದಂತೆ 2011 ಮತ್ತು ಆನಂತರದ ಮಾದರಿಗಳ ಮಾರಾಟದಲ್ಲಿ ಇಪ್ಪತ್ತು ವರ್ಷಗಳವರೆಗೆ ಓಡೊಮೀಟರಿನ ಅಂಕಿಯನ್ನು ಲಿಖಿತವಾಗಿ ಘೋಷಿಸಬೇಕು. 2010 ಮತ್ತು ಅದಕ್ಕಿಂತ ಹಳೆಯವಕ್ಕೆ ವಿನಾಯಿತಿ. ಅಂದರೆ ಎಚ್‌ಎಚ್‌ಆರ್‌ಗಳ ಪೈಕಿ ಕೊನೆಯ ವರ್ಷದವನ್ನು ಬಿಟ್ಟು ಉಳಿದವುಗಳ ಅಂಕಿಗೆ ಮಾರುವವರ ಮಾತೇ ಆಧಾರ. ಆದ್ದರಿಂದ ನಾನು ಡ್ಯಾಶ್‌ಬೋರ್ಡಿಗಿಂತ ರಸೀದಿಗಳನ್ನು ನಂಬಿದೆ. ಮಾರುತ್ತಿದ್ದವರು ನಿವೃತ್ತ ದಂಪತಿ. ಕೈಪೆಟ್ಟಿಗೆಯ ಪ್ಲಾಸ್ಟಿಕ್ ಚೀಲದಲ್ಲಿ ಆಯಿಲ್ ಬದಲಾವಣೆಯ ಚೀಟಿಗಳನ್ನೆಲ್ಲ ಜೋಡಿಸಿಟ್ಟಿದ್ದರು. ಪ್ರತಿ ಚೀಟಿಯ ಮೇಲಿನ ದಿನಾಂಕ ಮತ್ತು ಮೈಲಿಗಳನ್ನು ಸಾಲಾಗಿ ಓದಿಕೊಂಡು ಹೋದಾಗ ಅಂಕಿ ಎಲ್ಲಿಯೂ ಹಿಂದಕ್ಕೆ ಜಾರದೆ, ದೀರ್ಘ ಅಂತರವೂ ಇಲ್ಲದೆ ಏರುತ್ತಾ ಬಂದಿತ್ತು. ಚೈನು ಇರುವ ಎಂಜಿನ್ನಿಗೆ ಆಯಿಲ್ಲೇ ಪ್ರಾಣವಾದ್ದರಿಂದ ಅದೇ ಕಂತೆ ಎಂಜಿನ್ನಿನ ಆರೋಗ್ಯಕ್ಕೂ ಸಾಕ್ಷಿಯಾಯಿತು.

ಒಹಾಯೊದ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುತ್ತಾರೆ. ಇಲ್ಲಿ ಹಳೆಯ ಕಾರು ಕೊಳ್ಳುವವರು ಮೊದಲು ನೆಲದ ಮೇಲೆ ಮಲಗಬೇಕು, ಆಮೇಲೆ ಸೀಟಿನಲ್ಲಿ ಕೂರಬೇಕು. ಹಳೆಯ ಚಾದರವೊಂದನ್ನು ಹಾಸಿಕೊಂಡು, ಟಾರ್ಚು ಹಿಡಿದು ಬಾಗಿಲುಗಳ ಕೆಳಗಿನ ರಾಕರ್ ಪ್ಯಾನೆಲ್, ಜಾಕ್ ಕೊಡುವ ಜಾಗ, ಮುಂದಿನ ಸಬ್‌ಫ್ರೇಮ್, ಹಿಂಗಾಲಿಯ ಕಮಾನಿನ ಒಳಮಗ್ಗುಲು, ಬ್ರೇಕ್ ಪೈಪುಗಳು ಇವನ್ನೆಲ್ಲ ನೋಡಿದೆ. ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟುತ್ತಾ ಹೋದರೆ ಗಟ್ಟಿ ತಗಡು ಠಣ್ ಎನ್ನುತ್ತದೆ, ಒಳಗೆ ಕೊಳೆತದ್ದು ಮಂಕಾಗಿ ಸದ್ದು ಮಾಡುತ್ತದೆ, ಕೆಲವೊಮ್ಮೆ ಪುಡಿ ಉದುರಿಸುತ್ತದೆ. ಈ ಮೊದಲು ನೋಡಿದ್ದ, ಮೇಲೆ ಬಣ್ಣ ಹೊಳೆಯುತ್ತಿದ್ದ ಇನ್ನೊಂದು ಎಚ್‌ಎಚ್‌ಆರ್‌ನ ರಾಕರಿಗೆ ಅಯಸ್ಕಾಂತ ಹಿಡಿದಾಗ ಅದು ಅಂಟಲೇ ಇಲ್ಲ. ತಗಡಿದ್ದ ಜಾಗದಲ್ಲಿ ಪುಟ್ಟಿ ತುಂಬಿ ಬಣ್ಣ ಬಳಿದಿದ್ದರು. ಈ ಕಾರಿನ ತಳದಲ್ಲಿ ಮೇಲ್ಪದರದ ತುಕ್ಕಿತ್ತು, ತೂತುಗಳಿರಲಿಲ್ಲ. ದೀಪಗಳಲ್ಲಿ ಬಿರುಕಿಲ್ಲ, ಹಿಂಬಾಗಿಲು ಎತ್ತಿದರೆ ಅಲ್ಲೇ ನಿಲ್ಲುತ್ತದೆ, ಕ್ರೋಮ್ ಪಟ್ಟಿಗಳೆಲ್ಲ ಇವೆ ಎಂಬುದನ್ನು ಖಾತ್ರಿ ಮಾಡಿಕೊಂಡ ಮೇಲೆಯೇ ಬಾನೆಟ್ ಎತ್ತಿದ್ದು.

ಬಾನೆಟ್ಟಿನಡಿ ಬ್ಯಾಟರಿ ಕಾಣುವುದಿಲ್ಲ. ಅದು ಹಿಂಭಾಗದಲ್ಲಿ, ಸಾಮಾನಿನ ನೆಲದ ಕೆಳಗಿದೆ. ಆ ನೆಲಹಲಗೆಯನ್ನು ಎತ್ತಿ ಬ್ಯಾಟರಿಯ ತುದಿಗಳನ್ನು ನೋಡುವಾಗ ಸುತ್ತಲಿನ ತಗಡನ್ನೂ ಬೆರಳಿನಿಂದ ಸವರಿ ನೋಡಬೇಕು, ಏಕೆಂದರೆ ಹಿಂಬಾಗಿಲಿನ ಸುತ್ತಿನ ರಬ್ಬರಿನಿಂದ ನೀರು ಇಳಿದಿದ್ದರೆ ಬಂದು ನಿಲ್ಲುವುದು ಅಲ್ಲಿಯೇ. ಎಂಜಿನ್ನನ್ನು ಮೊದಲೇ ಚಾಲೂ ಮಾಡಿ ಬಿಸಿ ಮಾಡಿಡಬೇಡಿ ಎಂದು ದೂರವಾಣಿಯಲ್ಲೇ ವಿನಂತಿಸಿಕೊಂಡಿದ್ದೆ. ಇಕೋಟೆಕ್‌ನ ಚೈನು ಅಥವಾ ಅದನ್ನು ಬಿಗಿಯಾಗಿಡುವ ಟೆನ್ಷನರ್ ಸವೆದಿದ್ದರೆ ತಣ್ಣಗಿರುವ ಎಂಜಿನ್ ಶುರುವಾಗುವ ಮೊದಲ ಕೆಲವು ಕ್ಷಣಗಳಲ್ಲಿ ಗಲಗಲ ಸದ್ದು ಕೇಳಿಸುತ್ತದೆ, ಬಿಸಿಯಾದ ಬಳಿಕ ಅಡಗಿಹೋಗುತ್ತದೆ. ಅಂಥ ಸದ್ದೇನೂ ಇರಲಿಲ್ಲ. ಡಿಪ್‌ಸ್ಟಿಕ್ಕಿನಲ್ಲಿ ಆಯಿಲ್ ಮಟ್ಟವೂ ಸರಿಯಿತ್ತು, 2.4 ಲೀಟರಿನ ಈ ಎಂಜಿನ್ ಆಯಿಲ್ ಕುಡಿಯುವ ಸ್ವಭಾವದ್ದಾದ್ದರಿಂದ ಅದನ್ನು ನೋಡದೆ ಮುಂದೆ ಹೋಗುವಂತಿಲ್ಲ. ಕಾರಿನ ಕಂಪ್ಯೂಟರ್ ದಾಖಲಿಸಿದ ದೋಷಗಳನ್ನು ಓದುವ, ಜೇಬಿನಲ್ಲಿದ್ದ ಓಬಿಡಿ-2 ಸ್ಕ್ಯಾನರನ್ನು ಚುಚ್ಚಿದಾಗ ಯಾವ ದೋಷದ ಸಂಕೇತವೂ ಕಾಣಲಿಲ್ಲ. ಅದಕ್ಕಿಂತ ಮುಖ್ಯವಾಗಿ ಆ ಕಂಪ್ಯೂಟರ್ ತಾನೇ ನಡೆಸಿಕೊಳ್ಳುವ ರೆಡಿನೆಸ್ ಪರೀಕ್ಷೆಗಳೆಲ್ಲ ಪೂರ್ಣಗೊಂಡಿದ್ದವು. ಹಿಂದಿನ ರಾತ್ರಿ ಸಂಕೇತಗಳನ್ನು ಅಳಿಸಿಹಾಕಿದ್ದರೆ ಅವು ಅಪೂರ್ಣವೆಂದು ತೋರುತ್ತಿದ್ದವು.

ಗೇರನ್ನು ಪಾರ್ಕಿಗೆ, ಅಂದರೆ ಕಾರು ನಿಲ್ಲಿಸುವ ಸ್ಥಾನಕ್ಕೆ, ಹಾಕಿ ಕೀ ತೆಗೆಯುವುದನ್ನು ಮಾತ್ರ ಹಲವು ಬಾರಿ ಮಾಡಿ ನೋಡಿದೆ. ಕೋಬಾಲ್ಟ್, ಎಚ್‌ಎಚ್‌ಆರ್ ಎರಡರಲ್ಲೂ ಗೇರ್ ಸನ್ನೆಯ ಬುಡದಲ್ಲಿರುವ ಪುಟ್ಟ ಸ್ವಿಚ್ಚೊಂದು ಸವೆದರೆ ಗೇರು ಪಾರ್ಕಿನಲ್ಲಿದೆ ಎಂಬುದೇ ಕಾರಿಗೆ ತಿಳಿಯುವುದಿಲ್ಲ, ಕೀ ಹೊರಬರುವುದಿಲ್ಲ. ಇಲ್ಲಿ ಕೆಲವೊಮ್ಮೆ ಸನ್ನೆಯನ್ನು ಮುಂದಕ್ಕೆ ಒತ್ತಿ ಹಿಡಿದರಷ್ಟೇ ಕೀ ಬಿಟ್ಟುಕೊಟ್ಟಿತು. ಮಾಲೀಕರ ಪತ್ನಿ ನಕ್ಕು, ತಮಗೆ ಅದು ಅಭ್ಯಾಸವಾಗಿಬಿಟ್ಟಿದೆ ಎಂದರು. ಬಿಡಿಭಾಗ ಅಗ್ಗದ್ದು, ಆದರೆ ಚೌಕಾಸಿಗೆ ಅದೊಂದು ಒಳ್ಳೆಯ ಹಿಡಿತ.

ರಸ್ತೆಗೆ ಇಳಿಸಿದಾಗ ಉಬ್ಬುಗಳ ಮೇಲೆ ಮುಂದಿನಿಂದ ಟಕ್ ಟಕ್ ಎಂಬ ಸದ್ದು ಬಂತು. ಸ್ಟೆಬಿಲೈಸರ್ ಲಿಂಕು, ಕಂಟ್ರೋಲ್ ಆರ್ಮಿನ ಹಿಂಬುಷ್, ಸ್ಟಿಯರಿಂಗಿನ ನಡುದಂಡ ಈ ಮೂರರಲ್ಲಿ ಯಾವುದಾದರೂ ಇರಬಹುದು. ಕಾರು ನಿಂತಿರುವಾಗ ಸ್ಟಿಯರಿಂಗನ್ನು ತುಸು ಅತ್ತಿತ್ತ ಆಡಿಸಿದಾಗ ಕೈಗೆ ಬಡಿತ ತಾಗಲಿಲ್ಲವಾದ್ದರಿಂದ ನಡುದಂಡವನ್ನು ಬಿಟ್ಟೆ. ಈ ಆಟೊಮ್ಯಾಟಿಕ್ ಗೇರುಪೆಟ್ಟಿಗೆಗೆ ಡಿಪ್‌ಸ್ಟಿಕ್ ಇಲ್ಲದಿರುವುದು ಕೊಳ್ಳುವವರಿಗೆ ದೊಡ್ಡ ತೊಡಕು. ಆಯಿಲ್ ನೋಡಲು ಲಿಫ್ಟಿನ ಮೇಲೆ ಏರಿಸಿ ಬದಿಯ ಪ್ಲಗ್ ಬಿಚ್ಚಬೇಕು. ಹಾಗಾಗಿ ಚೆನ್ನಾಗಿ ಬಿಸಿಯಾಗುವಷ್ಟು ದೂರ ಓಡಿಸಿ, ಒಂದರಿಂದ ಎರಡನೆಯ ಗೇರಿಗೆ ಏರುವಾಗ ಒದೆತವಿದೆಯೇ ಎಂದು ಗಮನಿಸಿದೆ. ಇರಲಿಲ್ಲ. ಬಳಿಕ ಊರಿನಲ್ಲಿದ್ದ ಸ್ವತಂತ್ರ ಮೆಕ್ಯಾನಿಕ್ ಒಬ್ಬರ ಬಳಿ ಹಣ ಕೊಟ್ಟು ಲಿಫ್ಟಿನ ಮೇಲೆ ಪರೀಕ್ಷೆ ಮಾಡಿಸಿದೆ. ಬುಷ್ ಹರಿದಿರುವುದನ್ನು ಅವರು ಸರಳಿನಿಂದ ಮೀಟಿ ತೋರಿಸಿದರು. ಬೇರೇನೂ ಹೊಸದಾಗಿ ಕಾಣಲಿಲ್ಲ.

ಕೇಳಿದ್ದು 3,800 ಡಾಲರ್, ಕೊಟ್ಟದ್ದು 3,300. ಬುಷ್, ಪಾರ್ಕ್ ಸ್ವಿಚ್ಚು, ಸವೆದ ಎರಡು ಟೈರುಗಳ ಅಂದಾಜು ಖರ್ಚನ್ನು ಹಾಳೆಯ ಮೇಲೆ ಬರೆದು ಮುಂದಿಟ್ಟೆ, ಅವರು ಅದರ ಬಹುಪಾಲನ್ನು ಒಪ್ಪಿಕೊಂಡರು. ಈ ಕಾರುಗಳ ರೂಪವನ್ನು ಮೆಚ್ಚಿ ಹೆಚ್ಚು ಹಣ ಕೊಡುವವರು ಕಡಿಮೆ. ಅಂದಕ್ಕೆಂದು ಬೆಲೆ ಏರಿಸಿ ಕೇಳುವವರು ಮಾತ್ರ ಅನೇಕರು.

ಒಹಾಯೊದಲ್ಲಿ ಟೈಟಲ್ ಎಂಬ ಮಾಲೀಕತ್ವ ಪತ್ರದ ಹಿಂಬದಿಯಲ್ಲಿ ಮಾರುವವರ ಸಹಿ ನೋಟರಿಯ ಮುಂದೆಯೇ ಆಗಬೇಕು. ಆದ್ದರಿಂದ ಹಣ ಕೊಡುವುದು, ಸಹಿ ಹಾಕಿಸುವುದು ಎರಡನ್ನೂ ಅವರ ಬ್ಯಾಂಕಿನಲ್ಲೇ, ಅಲ್ಲಿನ ನೋಟರಿಯ ಮುಂದೆ ಮುಗಿಸಿದೆವು. ಟೈಟಲ್ಲಿನ ಮೇಲೆ ಸಾಲದ ಉಲ್ಲೇಖವಾಗಲಿ, ಹಿಂದೆ ತೀವ್ರವಾಗಿ ಹಾನಿಗೊಂಡದ್ದನ್ನು ಸೂಚಿಸುವ ಸಾಲ್ವೇಜ್ ಅಥವಾ ರಿಬಿಲ್ಟ್ ಎಂಬ ಮುದ್ರೆಯಾಗಲಿ ಇಲ್ಲವೆಂದು ಅದಕ್ಕೆ ಮೊದಲೇ ನೋಡಿಕೊಂಡಿದ್ದೆ. ನಂಬರ್ ಪ್ಲೇಟುಗಳು ಮಾರಿದವರ ಬಳಿಯೇ ಉಳಿಯುತ್ತವೆ. ಕೌಂಟಿಯ ಕಚೇರಿಯಲ್ಲಿ ಮಾರಾಟ ತೆರಿಗೆ ಕಟ್ಟಿ ನನ್ನ ಹೆಸರಿನ ಟೈಟಲ್ ಪಡೆದು, ತಾತ್ಕಾಲಿಕ ಪ್ಲೇಟು ಸಿಕ್ಕ ಮೇಲೆಯೇ ಕಾರನ್ನು ಮನೆಗೆ ತಂದೆ.

ರೀಕಾಲ್ ಕೆಲಸಕ್ಕೆ ದಿನ ಗೊತ್ತುಪಡಿಸಿಕೊಂಡು, ಅಲ್ಲಿಯವರೆಗೆ ಕಂಪನಿ 2014ರಲ್ಲೇ ಹೇಳಿದ್ದಂತೆ ಉಂಗುರದಿಂದ ಬಿಡಿಸಿದ ಒಂಟಿ ಕೀಯಿಂದಲೇ ಓಡಿಸಿದೆ. ಡೀಲರ್ ಸ್ವಿಚ್ಚು, ಸಿಲಿಂಡರು ಎರಡನ್ನೂ ಬದಲಾಯಿಸಿ ಹೊಸ ಕೀಗಳನ್ನು ಕೊಟ್ಟರು. ಎರಡೂ ಕಂಟ್ರೋಲ್ ಆರ್ಮುಗಳನ್ನು ಬುಷ್ ಸಮೇತ ಹೊಸದಾಗಿ ಹಾಕಿಸಿದ ಮೇಲೆ ಮುಂದಿನ ಸದ್ದು ನಿಂತಿತು. ಅಗಲ ಕಂಬಗಳು, ಗಿಡ್ಡ ಕಿಟಕಿಗಳಿಂದಾಗಿ ಹಿಂದಕ್ಕೆ ತೆಗೆಯುವಾಗ ಕಾಣಿಸುವುದು ಕಡಿಮೆ. ಈ ರೂಪವನ್ನು ಬಯಸಿದವರು ಅದನ್ನೂ ಒಪ್ಪಿಕೊಳ್ಳಲೇಬೇಕು, ನಾನು ಹಿಂಬದಿಗೊಂದು ಕ್ಯಾಮೆರಾ ಕೂರಿಸಿಕೊಂಡಿದ್ದೇನೆ. ಮುಂದಿನ ಪಕ್ಕದ ಸೀಟಿನ ಬೆನ್ನು ಕೂಡ ಮಟ್ಟಸವಾಗಿ ಮಡಚುವುದರಿಂದ ಉದ್ದದ ಹಲಗೆಗಳು ಡ್ಯಾಶ್‌ಬೋರ್ಡಿನವರೆಗೂ ಚಾಚಿಕೊಂಡು ಹಿಂಬಾಗಿಲು ಮುಚ್ಚುವಂತೆ ಕೂರುತ್ತವೆ. ತಿಂಗಳಿಗೆರಡು ಬಾರಿ ಡಿಪ್‌ಸ್ಟಿಕ್ ನೋಡುತ್ತೇನೆ, ಚಳಿಗಾಲದಲ್ಲಿ ತಳವನ್ನು ನೀರಿನಿಂದ ತೊಳೆಸುತ್ತೇನೆ. ಗುಜರಿ ಅಂಗಳದಲ್ಲಿ ಒಳ್ಳೆಯ ಸ್ಥಿತಿಯ ಎಡಗಡೆಯ ಹಿಂದೀಪವೊಂದು ಸಿಕ್ಕಿದ್ದರಿಂದ ಅದನ್ನೂ ಕೊಂಡು ಗ್ಯಾರೇಜಿನ ಅಟ್ಟದಲ್ಲಿ ಇಟ್ಟಿದ್ದೇನೆ. ಬಲಗಡೆಯದು ಇನ್ನೂ ಸಿಗಬೇಕಾಗಿದೆ.